ಪೌಣೆ ಎರಡು ಫೂಟಿನ ಬೇವು

ಪೆಟ್ಟಿಗೆಯ ತಳದಲ್ಲಿ ಇಂದು ಮರದ ಸುತ್ತಳತೆ ತೆಗೆಯುವ ಹಳೆಯ ಟೇಪು ಸಿಕ್ಕಿತು. ಮೂಗಿಗೆ ಹಿಡಿದೆ. ಬೇವಿನ ಅಂಟಿನ ವಾಸನೆ ಇಷ್ಟು ವರ್ಷ ಉಳಿದಿರಲಾರದು. ಆದರೂ ಅಥಣಿ ರಸ್ತೆಯ ಈ ಮನೆಯಲ್ಲಿ ಕೂತವನು ಮಮದಾಪುರದ ನೆಡುತೋಪಿಗೆ ಹೋಗಿಬಿಟ್ಟೆ. ನೀವೂ ಬನ್ನಿ, ಅಲ್ಲಿ ನೆರಳಿದೆ.

ಆಗ ನಾನು ಮೈಸೂರು ಕಡೆಯಿಂದ ಬಂದ ಸಂಶೋಧಕ. ಯಾವ ಮರ ಎಲ್ಲಿದೆ, ಎಷ್ಟು ದಪ್ಪ ಎಂದು ನಕ್ಷೆಗೆ ಏರಿಸಿ, ಒಂದರ ಬೆಳವಣಿಗೆ ಪಕ್ಕದ್ದನ್ನು ಹೋಲುತ್ತದೆಯೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಮರಗಳ ನೆರೆಹೊರೆಯ ಚಾಡಿ ಕೇಳುವುದು ಅನ್ನಿ. ತೋಪಿನ ಕಾವಲುಗಾರ ಹುಸೇನಸಾಬರು ಜೊತೆಗಿರುತ್ತಿದ್ದರು. ಬಡಗಣ ಮೂಲೆಯ ಸಸಿಗಳನ್ನು ಕೊಡ ಹೊತ್ತು ನೀರೆರೆದು ಉಳಿಸಿದವರು ಅವರೇ. ಉಳಿದೆಡೆ ನಾನೇ ಅಳೆದಿದ್ದೆ; ಆ ಮೂಲೆಯ ಸರದಿ ಬಂದಾಗ ನನ್ನ ಕಾಲಿಗೆ ಜಾಲಿಮುಳ್ಳು ಹೊಕ್ಕಿತ್ತು. ನಾನು ಕೂತು ಬರೆದುಕೊಂಡೆ, ಅವರು ಟೇಪು ಸುತ್ತಿ ಕೂಗಿದರು.

"ಪೌಣೆ ಎರಡು ಫೂಟ, ಸರ! ಇದು ಪೌಣೆ ಮೂರು!"

ನಕ್ಷೆಯಲ್ಲಿ ಆ ಮೂಲೆ ದಪ್ಪ ಮರಗಳ ಕಡುಹಸಿರಾಗಿ ಎದ್ದು ಬಂತು. ಮಣ್ಣಿನ ಗುಣವೆಂದು ಒಂದು ಅಧ್ಯಾಯವನ್ನೇ ಬರೆದೆ, ಪಂಡಿತನಲ್ಲವೇ! "ತೋಪಿಗೆಲ್ಲ ನಿಮ್ಮ ಮರಗಳೇ ದಪ್ಪ" ಎಂದು ಹುಸೇನಸಾಬರಿಗೂ ಹೇಳಿದೆ. ಅವರು ಅದನ್ನು ಊರೆಲ್ಲ ಹೇಳಿಕೊಂಡು ಬಂದರು.

ಒಂದು ಸಂಜೆ ಅವರು, "ಪೌಣೆ ಆರಕ್ಕ ಬಸ್ ಐತ್ರಿ" ಎಂದರು. ಆರೂಕಾಲಿಗೆ ಸರಿಯಾಗಿ ಹೋಗಿ ನಿಂತೆ. ರಸ್ತೆ ಖಾಲಿ.

"ಅದು ಹೋಗಿ ಅರ್ಧ ತಾಸಾತು," ಚಹಾದಂಗಡಿಯಾಕೆ ನಕ್ಕಳು. "ಪೌಣೆ ಆರಂದ್ರ ಐದೂ ಮುಕ್ಕಾಲೋ ಯಪ್ಪಾ!"

ಕಾಲು ಕಳೆಯಬೇಕಾದಲ್ಲಿ ನಾನು ಕೂಡಿಸಿದ್ದೆ. ಬಸ್ಸಿನ ಚಿಂತೆ ಹಾರಿಹೋಯಿತು. ಒಂದೂಮುಕ್ಕಾಲನ್ನು ಎರಡೂಕಾಲು ಎಂದು ಬರೆದು, ಪ್ರತಿ ಪೌಣೆ ಮರವನ್ನೂ ನಾನೇ ಕೂತಲ್ಲಿಯೇ ಅರ್ಧ ಅಡಿ ಬೆಳೆಸಿದ್ದೆ!

ಅಧ್ಯಾಯ ಹರಿದುಹಾಕುವುದು ಕಷ್ಟವಾಗಲಿಲ್ಲ. ಹುಸೇನಸಾಬರಿಗೆ ಹೇಳುವುದು ಕಷ್ಟವಾಯಿತು. ಎರಡು ದಿನ ಮುಖ ತಪ್ಪಿಸಿ ಓಡಾಡಿ, ಮೂರನೆಯ ದಿನ ಹೇಳಿದೆ. ಅವರು ಒಂದು ಬೇವಿಗೆ ಅಂಗೈ ಆನಿಸಿದರು.

"ನಿಮ್ಮ ಲೆಕ್ಕ ಸಣ್ಣದಾತ್ರಿ ಸರ. ಮರ ಇದ್ದಷ್ಟ ಅದಾವಲ್ರಿ," ಎಂದು ಟೇಪು ನನ್ನ ಕೈಗಿಟ್ಟರು. "ಬರ್ರಿ, ಮತ್ತ ಅಳಿಯೂಣು. ಈ ಸಲ ನೀವ ಕೂಗ್ರಿ, ನಾ ಕೇಳ್ತೀನಿ."

ಮೂಲೆ ಎಲ್ಲ ಮೂಲೆಗಳಂತೆಯೇ ಇತ್ತು. ಹೊರಡುವ ದಿನ ಅಲ್ಲಿಯದೇ ಒಂದು ಹಿಡಿ ಬೇವಿನ ಬೀಜ ಕೊಟ್ಟರು.

ಅದರಲ್ಲೊಂದು ಈಗ ನಮ್ಮ ಗೇಟಿನ ಬಳಿ ಮರವಾಗಿದೆ. ಟೇಪು ಹಿಡಿದು ಹೊರಗೆ ಹೋಗಿ ಸುತ್ತಿದೆ. "ಪೌಣೆ ಎರಡು ಫೂಟ!" ಎಂದು ಕೂಗಿಯೇಬಿಟ್ಟೆ.

"ಯಾರಿಗಿ ಹೇಳಾಕತ್ತೀರಿ?" ಗೋಡೆಯಾಚೆಯಿಂದ ನೆರೆಮನೆಯವರು ಕೇಳಿದರು.

"ನಾ ಕೇಳ್ತೀನಿ" ಎಂದಿದ್ದ ಹುಸೇನಸಾಬರು ಮಣ್ಣಾಗಿ ಮೂರು ವರ್ಷ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೂಗಿದೆ.