ಎದೆಯ ನಕ್ಷತ್ರಗಳ ನೆರೆಯವರು

ವ್ಯಾಪಾರದಲ್ಲಿ ಆಸೆಯನ್ನು ಮುಖದಲ್ಲಿ ತೋರಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಕೊಲ್ಲಿ ದೇಶದ ದಾರ್ಸೈಟಿನಲ್ಲಿದ್ದ ನಮ್ಮ ನೆರೆಯವರಿಗೆ ಮಾತ್ರ ಈ ವಿದ್ಯೆ ಹತ್ತಲೇ ಇಲ್ಲ. ಹಳೇ ಜರ್ಮನ್ ರಾಜರು ಸರದಾರರ ಎದೆಗೆ ತೊಡಿಸುತ್ತಿದ್ದ ಬೆಳ್ಳಿದಾರದ ಕಸೂತಿ ನಕ್ಷತ್ರಗಳನ್ನು ಅವರು ಕೂಡಿಡುತ್ತಿದ್ದರು. ಯಾವುದು ಸಿಕ್ಕರೂ ಮಗುಚಿ, "ಮೊದಲು ಬೆನ್ನು ನೋಡಬೇಕು ಮಾರಾಯ್ರೆ, ಅಸಲಿಯೋ ನಕಲಿಯೋ ಹಿಂದಿನ ಹೊಲಿಗೆಯೇ ಹೇಳುತ್ತದೆ" ಎನ್ನುವರು.

ಒಮ್ಮೆ ಅಲ್ಲಿನ ಮತ್ರಾ ಸೂಕ್ ಎಂಬ ಹಳೇ ಪೇಟೆಯ ಬೆಳ್ಳಿಯಂಗಡಿಯ ಮುದುಕ ಅಂಥದೊಂದನ್ನು ಕರಗಿಸಲು ಇಟ್ಟಿದ್ದ. ಜೊತೆಗೆ ಬಂದಿದ್ದ ನೆರೆಯವರಿಗೆ ಅದನ್ನು ಬೆಳ್ಳಿಯ ತೂಕದ ಬೆಲೆಗೇ ಕೊಡುವಂತೆ ನಾನು ಒಪ್ಪಿಸಿದ್ದೆ. ಇವರು ಬೆನ್ನು ನೋಡಿದವರೇ, "ಬಾಬಾ, ಇದು ಅಸಲಿ, ಬಹಳ ಬೆಲೆಬಾಳುತ್ತದೆ" ಎಂದು ಅವನಿಗೂ ತಿಳಿಯುವ ಹಿಂದಿಯಲ್ಲಿ ಹೇಳಿಬಿಟ್ಟರು! ಮುದುಕ ಬೆಲೆಯನ್ನು ಕೈಗೆಟುಕದಷ್ಟು ಏರಿಸಿದ.

"ಬಾಯಿ ಮುಚ್ಚಿಕೊಂಡಿದ್ದರೆ ನಿಮ್ಮದಾಗುತ್ತಿತ್ತಲ್ಲ!" ಎಂದು ಹೊರಗೆ ಬಂದು ರೇಗಿದೆ.

"ಗೊತ್ತಿದ್ದೂ ಹಾಗೆ ತಗೊಂಡರೆ ಮನೆಯಲ್ಲಿ ಅದರ ಮುಖ ನೋಡುವುದು ಹೇಗೆ?"

ಅಷ್ಟರಲ್ಲಿ ಮುದುಕ ನಕ್ಷತ್ರವನ್ನು ಗಾಜಿನ ಕಪಾಟಿನಲ್ಲಿ, ನಡುವಿನ ಲಾಂಛನ ತಲೆಕೆಳಗಾಗುವಂತೆ ಇಟ್ಟ. ಇವರು ವಾಪಸು ಹೋಗಿ ಅದನ್ನು ನೆಟ್ಟಗೆ ಮಾಡಿ ಬಂದರು.