ಮಂಗಳಕ್ಕೆ ಮುಂಚೆ ನಿಲ್ಲಿಸಿದ ಹಾಡು

ಹರಿಹರದ ಅಕ್ಕನ ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನು. ಹಾಗಾಗಿ ಅದು ಕೆಮ್ಮಿದರೂ ದಾವಣಗೆರೆಯಿಂದ ನಾನೇ ಓಡಬೇಕು. ಈ ಸಲ ಜಾಗ ಸಾಲುತ್ತಿಲ್ಲ ಎಂಬ ದೂರು. ಅಕ್ಕ ಬ್ಲೌಸ್ ಹೊಲಿಯುತ್ತಾಳೆ, ಡಿಸೈನುಗಳ ಚಿತ್ರಗಳೇ ತುಂಬಿಹೋಗಿದ್ದವು. ಡಿಸ್ಕಿನ ಎರಡನೇ ಭಾಗದಲ್ಲಿರುವ ಹಳೇ ಸಾಮಾನನ್ನೆಲ್ಲ ಅಳಿಸಿಬಿಡು, ಮಗಳ ಮದುವೆ ಫೋಟೋಗಳನ್ನು ನೀನು ಆಗಲೇ ಒಯ್ದಿದ್ದೀಯಲ್ಲ ಎಂದಳು.

ಫಾರ್ಮ್ಯಾಟ್ ಮಾಡುವ ಮುನ್ನ ಆ ಭಾಗವನ್ನು ಕಳಚಿಡಬೇಕು, ಅದರೊಳಗಿನದೇನೂ ಬಳಕೆಯಲ್ಲಿರಬಾರದು. ಕಳಚಲು ಹೋದರೆ 'ಡಿವೈಸ್ ಬ್ಯುಸಿ' ಎಂಬ ಉತ್ತರ. ಭಾನುವಾರ ಬೆಳಿಗ್ಗೆ ಇದಕ್ಕೆ ಅಂಥದ್ದೇನು ಕೆಲಸ ಎಂದು ನನಗೆ ರೇಗಿತು. ನೋಡಿದರೆ ನಾನು ಆದೇಶ ಬರೆಯುತ್ತಿದ್ದ ಟರ್ಮಿನಲ್ಲೇ ಅದರ ಫೋಲ್ಡರಿನೊಳಗೆ ಕೂತಿತ್ತು. ಮನೆಯೊಳಗೆ ಕೂತು ಹೊರಗಿನಿಂದ ಬೀಗ ಹಾಕಲು ಹೊರಟಿದ್ದೆ. ಹೊರಗೆ ಬಂದು ಮತ್ತೆ ಪ್ರಯತ್ನಿಸಿದೆ. ಮತ್ತೂ ಬ್ಯುಸಿ.

ಬಲವಂತವಾಗಿ ಕೀಳುವ ದಾರಿಯೂ ಉಂಟು, ಕೈ ಅಲ್ಲಿಗೇ ಹೋಗಿತ್ತು. ಆದರೂ ಹಿಡಿದುಕೊಂಡವರು ಯಾರು ನೋಡೋಣ ಎಂದು ತೆರೆದ ಕಡತಗಳ ಪಟ್ಟಿ ಕೇಳಿದೆ. ಹಾಡಿನ ಪ್ಲೇಯರ್ ಒಂದು ಕಡತವನ್ನು ಬಿಗಿಯಾಗಿ ಹಿಡಿದಿತ್ತು. ಹೆಸರು: ಅವ್ವ ಸೋಬಾನೆ.

ಹೆಸರನ್ನು ಎರಡು ಸಲ ಓದಿದೆ. ಅಕ್ಕನ ಮಗಳ ಅರಿಶಿನ ಶಾಸ್ತ್ರದಲ್ಲಿ ನಾನೇ ಫೋನಿನಲ್ಲಿ ಹಿಡಿದದ್ದು. ಆ ಫೋನ್ ಕೆಟ್ಟಾಗ ಅದರ ಜೊತೆಗೇ ಹೋಯಿತು ಎಂದುಕೊಂಡಿದ್ದೆ, ಮದುವೆ ಫೋಟೋಗಳ ಜೊತೆ ಇಲ್ಲಿಗೂ ಬಂದದ್ದು ಗೊತ್ತಿರಲಿಲ್ಲ. ತೀರಿಹೋದ ಅವ್ವನ ದನಿ ಬೇರೆಲ್ಲೂ ಉಳಿದಿಲ್ಲ. ಲೋಕಿಕೆರೆಯ ನೆಂಟರು ಅವ್ವ ಬರುವ ತನಕ ಅರಿಶಿನ ಕಲಸುತ್ತಿರಲಿಲ್ಲ. ಅವಳ ಗಂಟಲೇನೂ ಇಂಪಲ್ಲ, ಒರಟು. ಆದರೆ ಅಂಗೈಯನ್ನು ಕಿವಿಗೊತ್ತಿ ಹಾಡು ಎತ್ತಿದಳೆಂದರೆ ಒಳಮನೆಯ ಹೆಂಗಸರೆಲ್ಲ ಪಡಸಾಲೆಗೆ ಬಂದು ಕೂರುತ್ತಿದ್ದರು. ಆ ಒರಟು ದನಿಗೆ ನಾನು ಇವತ್ತಿಗೂ ಹಂಬಲಿಸುತ್ತೇನೆ.

ಹಾಡು ಮುಗಿಯಲು ತುಸುವೇ ಇರುವಾಗ ಯಾರೋ ನಿಲ್ಲಿಸಿಟ್ಟಿದ್ದರು. ಇದ್ಯಾಕೆ ಹೀಗೆ ಎಂದು ಕೇಳಿದೆ. ಅಕ್ಕ ಸೂಜಿ ಕೆಳಗಿಟ್ಟಳು.

"ಮುಂದ ಮಂಗಳ ಐತೆ. ಮಂಗಳ ಹಾಡಿದ್ರೆ ಎಲ್ರೂ ಎದ್ದು ಹೋಗ್ತಾರ. ಅದಕ್ಕ ಅಲ್ಲಿಗೇ ನಿಲ್ಲಿಸ್ತೀನಿ."

ದಿನಾ ಹೊಲಿಯುತ್ತ ಮೊದಲಿಂದ ಕೇಳುತ್ತಾಳೆ, ಮಂಗಳದ ಹೊಸ್ತಿಲಲ್ಲಿ ನಿಲ್ಲಿಸುತ್ತಾಳೆ, ಮುಚ್ಚುವುದಿಲ್ಲ. ಕಂಪ್ಯೂಟರನ್ನೂ ಆರಿಸದೆ ಸ್ಲೀಪ್‌ನಲ್ಲಿ ಮಲಗಿಸಿಯೇ ಇಡುತ್ತಾಳೆ. ಹಾಗಿದ್ದರೆ ಎಲ್ಲ ಅಳಿಸು ಎಂದದ್ದೇಕೆ? ಅವಳ ಲೆಕ್ಕದಲ್ಲಿ ಅಳಿಸುವುದು ಡಿಸ್ಕನ್ನು. ಹಾಡು ಪರದೆಯ ಮೇಲೆ ತೆರೆದೇ ಇದೆಯಲ್ಲ, ಅದಕ್ಕೇನಾಗುತ್ತದೆ! ನನಗೆ ನಗು ಬರಲಿಲ್ಲ.

ಹಾಡನ್ನು ಪೆನ್‌ಡ್ರೈವಿಗೂ ನನ್ನ ಫೋನಿಗೂ ಇಳಿಸಿಕೊಂಡೆ. ಇನ್ನು ಪ್ಲೇಯರನ್ನು ಮುಚ್ಚದೆ ಡಿಸ್ಕ್ ಬಿಡುವುದಿಲ್ಲ ಎಂದು ಅಕ್ಕನಿಗೆ ತಿಳಿಸಿ ಹೇಳಿದೆ. ಅವಳು ಮಡಿಲಿನ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಡುವ ಕಿತ್ತು ಹಾಕಬ್ಯಾಡ. ಪೂರ್ತಿ ಹಾಡ್ಲಿ."

ಪ್ಲೇ ಒತ್ತಿದೆ. ಅವ್ವ ಮಂಗಳ ಹಾಡಿದಳು. ಕೊನೆಯ ಸಾಲಿಗೆ ಅಕ್ಕ ರೂಢಿಯಂತೆ ಎದ್ದು ನಿಂತು ಕೈ ಮುಗಿದಳು. ಹಾಡು ನಿಂತಿತು, ಆದರೆ ರೆಕಾರ್ಡಿಂಗ್ ನಿಂತಿರಲಿಲ್ಲ. ಬಳೆಗಳ ಸದ್ದು, ಹೆಂಗಸರು ಏಳುವ ಗದ್ದಲ. ಅದರ ನಡುವೆ ಅವ್ವನ ದನಿ, ಹಾಡಲ್ಲ, ಬರೀ ಮಾತು:

"ಎತ್ತಾಗ ಎದ್ರಿ? ಕೂಡ್ರಿ, ಉಂಡು ಹೋಗೀರಂತ."

ನಿಂತಿದ್ದ ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.