ಗಾಜಿನ ಬಾಗಿಲ ಹೊರಗಿನ ಚಪ್ಪಲಿ

ಸೋಲಾಪುರದ ಆ ದವಾಖಾನೆಯಲ್ಲಿ ಸರ್ಕಾರಿ ವಿಮೆಯ ಅರ್ಜಿ ತುಂಬಿಕೊಡುವ ಅಕ್ಕ ಕೂಡುತ್ತಿದ್ದದ್ದು ಮೆಟ್ಟಿಲ ಕೆಳಗೆ. ಪೆನ್ನು ಕೈಯಲ್ಲಿಲ್ಲದಾಗ ತುರುಬಿನಲ್ಲಿರುತ್ತಿತ್ತು. ಅಕ್ಕಲಕೋಟದಿಂದ ಅವ್ವನನ್ನು ತಂದು ವಾರ್ಡಿಗೆ ಸೇರಿಸಿ, ಆ ಅಕ್ಕನೆದುರು ನಿಂತಾಗ ನನಗೆ ಅಳು ಬಂತು.

"ಮೊದ್ಲ ಕಾಗದ ಕೊಡ್ರಿ. ಅಳೂದು ಆಮ್ಯಾಲ" ಎಂದು ಕೈ ಚಾಚಿದಳು. ಎಲ್ಲರಿಗೂ ಅದೇ ಮಾತು.

ಈ ಅರ್ಜಿ ಕೆಲಸಕ್ಕೆಂದೇ ಸರ್ಕಾರ ಕೊಟ್ಟ ಅನುದಾನದಲ್ಲಿ ಗಾಜಿನ ಖೋಲಿಯೊಂದು ಎದ್ದಿತ್ತು. ಏಸಿ ಹಾಕಿಸಿದ್ದರು, ಬೀಗವನ್ನೂ ಹಾಕಿದ್ದರು. ತಪಾಸಣೆಗೆ ಅಧಿಕಾರಿಗಳು ಬಂದ ದಿನ ಮಾತ್ರ ಬೀಗ ತೆಗೆದು ಆಕೆಯನ್ನು ಒಳಗೆ ಕೂಡಿಸಿದರು. ಆಕೆ ಮೆಟ್ಟಿಲ ಕೆಳಗಿನ ಸಾಲನ್ನೆಲ್ಲ ಕೂಗಿ ಕರೆದಳು. ವಾಗದರಿ, ದುಧನಿಯಂಥ ಊರುಗಳಿಂದ ಬಂದ ಮಂದಿ ಆ ಹೊಳೆಯುವ ನೆಲ ಕಂಡು ಚಪ್ಪಲಿ ಹೊರಗೇ ಬಿಟ್ಟು ಒಳಹೊಕ್ಕರು. ಕಡೆಗೆ ನಾನೂ ಬಿಟ್ಟೆ.

ಅಧಿಕಾರಿಗಳು ಹೋದ ಕೂಡಲೇ ಮ್ಯಾನೇಜರ್ ಬೀಗ ಹಿಡಿದು ಬಂದ. "ಚಲಾ, ಉಠಾ ಆತಾ" ಎಂದು ಆಕೆಯನ್ನು ಎಬ್ಬಿಸಲು ನೋಡಿದ.

ಆಕೆ ತಲೆಯೆತ್ತದೆ ಬಾಗಿಲತ್ತ ಪೆನ್ನು ತೋರಿಸಿದಳು. "ಇವರ ಸಲುವಾಗಿ ಬಂದ ರೊಕ್ಕದಾಗ ಕಟ್ಟಿದ ಖೋಲಿರಿ ಇದು. ಹೊರಗ ಒಂದು ಜೋಡು ಚಪ್ಪಲಿ ಇರೂತನಕ ನಾ ಏಳಂಗಿಲ್ಲ."

ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತ ನಿಂತ. ಮಂದಿ ಒಬ್ಬೊಬ್ಬರಾಗಿ ಕಾಲಿಗೆ ಮೆಟ್ಟಿಕೊಂಡು ಹೋದರು. ಕೊನೆಗೆ ಅವ್ವನ ಅರ್ಜಿಯೂ ಮುಗಿಯಿತು. ಹೊರಗೆ ಉಳಿದದ್ದು ನನ್ನ ಜೋಡು ಮಾತ್ರ. ಅವನ ಕಣ್ಣೆದುರೇ ಅದನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಸಿಟ್ಟು, ಬರಿಗಾಲಲ್ಲಿ ಅವ್ವನ ವಾರ್ಡಿಗೆ ನಡೆದೆ.